ಇದು ಬರ್ಕೋಬೇಡಿ

ಮಾರ್ಚ್ ೪

ಅಕ್ಕಾ,

ಈ ಕಾಗದವನ್ನು ಅಮ್ಮನಿಗೆ ತೋರಿಸಬೇಡ. ಫೋನು ಮಾಡಿ ಹೇಳಬಹುದಿತ್ತು. ಆದರೆ ಕಿವಿ ಕೇಳದ ತಾಯಿ ಬೆಳೆಸಿದ ಮಕ್ಕಳಿಗೆ ಫೋನು ಎಂದೂ ಒಗ್ಗಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಮಾತೆಲ್ಲ ಕೈಯಲ್ಲಿ, ಇಲ್ಲವೇ ಕಾಗದದಲ್ಲಿ. ಇದನ್ನು ಒಂದೇ ಉಸಿರಿಗೆ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲಾಗಿದ್ದರೆ ಸಹಿಸಿಕೋ.

ಇವತ್ತು ಕುಟುಂಬ ನ್ಯಾಯಾಲಯದಲ್ಲಿ ಸನ್ನೆ ಭಾಷೆಯ ದುಭಾಷಿ ಬೇಕೆಂದು ನನ್ನನ್ನು ಕರೆಸಿದ್ದರು. ಒಬ್ಬ ದರ್ಜಿ, ಹುಟ್ಟು ಕಿವುಡಿ. ಅಂಗಡಿ ಬೀದಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ, ಅದರಲ್ಲಿ ಹೊಲಿಗೆ ಯಂತ್ರ, ಕಿಟಕಿಯ ಪಕ್ಕ ಮಗಳ ಮಂಚ. ಗಂಡ ಸಾಮಾನು ಸಾಗಿಸುವ ಕಂಪನಿಯಲ್ಲಿ ಮ್ಯಾನೇಜರು. ಅವನು ಬಿಟ್ಟು ಹೋಗಿ ಬಹಳ ದಿನವಾಗಿದೆ, ಈಗ ಮಗಳು ತನಗೆ ಬೇಕೆನ್ನುತ್ತಾನೆ. ಆ ಹುಡುಗಿಗೆ ಐದು ವರ್ಷ. ಕಿವಿ ಕೇಳುತ್ತದೆ. ಹೊರಗೆ ಬಾಯಲ್ಲಿ ಮಾತು, ಅಮ್ಮನ ಜೊತೆ ಕೈಯಲ್ಲಿ ಮಾತು. ನಮ್ಮಿಬ್ಬರ ಹಾಗೇ.

ನ್ಯಾಯಾಧೀಶರು ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವ ಮನುಷ್ಯ. ಕಿವಿ ಕೇಳದವರು ಎಲ್ಲರಿಗೂ ಒಂದು ಸನ್ನೆಯ ಹೆಸರಿಡುತ್ತಾರಲ್ಲ, ಅಮ್ಮ ನಿನಗೆ ಗಂಟಿಕ್ಕಿದ ಹುಬ್ಬು ಎಂದು ಇಟ್ಟ ಹಾಗೆ, ಇವರಿಗೆ ಹಿಂದಿನ ಬೆಂಚಿನಲ್ಲಿ ಕೂತ ಕಿವುಡರು ಆಗಲೇ ಕನ್ನಡಕ ಎಂದು ಇಟ್ಟಾಗಿತ್ತು. ದರ್ಜಿಯ ಪರ ವಕೀಲೆ ವಾದ ಮುಗಿಸಿದಳು. ಕನ್ನಡಕದವರು ಸ್ಟೆನೊ ಕಡೆ ತಿರುಗಿ, "ಇದು ಬರ್ಕೋಬೇಡಿ" ಎಂದರು. ಸ್ಟೆನೊ ಕೀಲಿಮಣೆಯಿಂದ ಬೆರಳು ಮೇಲೆತ್ತಿದ. ಆಮೇಲೆ ಹೇಳಿದ್ದು ಇದು:

"ಅಲ್ರೀ ವಕೀಲರೇ, ಮೂಗಿ ಕೈಗೆ ಮಗು ಕೊಡೋದೂ ಒಂದೇ, ಕುರುಡನ ಕೈಗೆ ಕನ್ನಡಿ ಕೊಡೋದೂ ಒಂದೇ. ಇವತ್ತು ಮಗು ಬಿದ್ದು ಅತ್ರೆ ಇವಳಿಗೆ ಗೊತ್ತಾಗೋದು ನಾಳೆ."

ಕೆಲವು ವಕೀಲರು ನಕ್ಕರು. ನಾನು ಅಷ್ಟನ್ನೂ ದರ್ಜಿಗೆ ಸನ್ನೆಯಲ್ಲಿ ಹೇಳಿದೆ. ಕುರುಡ, ಕನ್ನಡಿ, ಬೀಳುವ ಮಗು, ಎಲ್ಲ. ನಗುವನ್ನೂ ಹೇಳಿದೆ. ಕನ್ನಡಕದವರು ನನ್ನನ್ನು ನೋಡಿದರು.

"ನೀವ್ಯಾಕಮ್ಮ ಕೈ ಆಡಿಸ್ತಾ ಇದೀರಾ? ಬರ್ಕೋಬೇಡಿ ಅಂದೆನಲ್ಲ?"

"ಸ್ವಾಮಿ, ನಾನು ಬರ್ಕೊಳ್ತಾ ಇಲ್ಲ. ಕಿವಿಗೆ ಬಿದ್ದಿದ್ದೆಲ್ಲ ಕೈಗೆ ಬರ್ಬೇಕು ಅಂತ ಇಲ್ಲೇ ಪ್ರಮಾಣ ಮಾಡಿದೀನಿ."

"ಸಾಕು, ಕೈ ನಿಲ್ಸಿ."

"ಕೈ ನಿಲ್ಸಿ ಅಂತಿದಾರೆ" ಎಂದು ಅದನ್ನೂ ಸನ್ನೆಯಲ್ಲಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ದರ್ಜಿಯ ಸ್ನೇಹಿತರು ಸದ್ದಿಲ್ಲದೆ ಹೆಗಲು ಕುಣಿಸಿ ನಕ್ಕರು. ಮುದ್ರಣಾಲಯದ ಮುದುಕ, ಫೋಟೊಗೆ ಚೌಕಟ್ಟು ಹಾಕುವವನು, ಬೇಕರಿಯ ಹೆಂಗಸು, ಮೂವರೂ ಕಿವುಡರು. ಕನ್ನಡಕದವರ ಮುಖ ಕೆಂಡವಾಯಿತು. ಮೊಕದ್ದಮೆ ಮುಗಿಯುವ ತನಕ ಮಗು ತಂದೆಯ ಬಳಿ, ತಾಯಿಗೆ ಭಾನುವಾರ ಮಾತ್ರ ಭೇಟಿ ಎಂದು ಆಜ್ಞೆ ಬರೆಸಿದರು. ಅದನ್ನು ಬರೆಸುವಾಗ ಮಾತ್ರ ಭಾಷೆ ಬೆಣ್ಣೆಯಂತಿತ್ತು: "ಮಗುವಿನ ಹಿತವನ್ನು ಗಮನದಲ್ಲಿರಿಸಿ."

ಅಕ್ಕಾ, ಆ ಮಾತನ್ನು ಒಬ್ಬ ತಾಯಿಗೆ ನನ್ನ ಕೈಯಿಂದ ಆಡಿಸಿದರು. ಅಮ್ಮ ಕಲಿಸಿದ ಕೈ ಇದು. ಊಟಕ್ಕೆ ಕೂತರೆ ಅನ್ನ ಮುಟ್ಟಲೂ ಮನಸ್ಸಾಗುತ್ತಿಲ್ಲ. ನೀನೂ ಒಬ್ಬ ನ್ಯಾಯಾಧೀಶೆ. ಇದರ ಮೇಲೆ ದೂರು ಕೊಡಬಹುದೇ, ಹೇಗೆ, ಹೇಳು.

ನಿನ್ನ ತಂಗಿ


ಮಾರ್ಚ್ ೧೧

ತಂಗಿ,

ಮೊದಲು ಊಟ ಮಾಡು. ಹೊಟ್ಟೆ ಕೆಟ್ಟರೆ ಬುದ್ಧಿಯೂ ಕೆಡುತ್ತದೆ. ಆ ನ್ಯಾಯಾಧೀಶರ ಹೆಸರನ್ನು ನನಗೆ ಬರೆಯದಿದ್ದುದು ಒಳ್ಳೆಯದಾಯಿತು. ಮುಂದೆಯೂ ಬರೆಯಬೇಡ.

ಎರಡು ವಿಷಯ ಬೇರೆ ಬೇರೆ. ಆಜ್ಞೆ ತಪ್ಪಾಗಿದ್ದರೆ ಅದಕ್ಕೆ ಮೇಲ್ಮನವಿ ಇದೆ, ವಕೀಲೆ ನೋಡಿಕೊಳ್ಳುತ್ತಾಳೆ. ತಪ್ಪು ತೀರ್ಪು ಕೊಟ್ಟ ಮಾತ್ರಕ್ಕೆ ನ್ಯಾಯಾಧೀಶರನ್ನು ದಂಡಿಸುವಂತಿಲ್ಲ, ದಂಡಿಸಬಾರದು. ಹಾಗೆ ಮಾಡಿದರೆ ನಾಳೆ ಯಾವ ನ್ಯಾಯಾಧೀಶೆಯೂ ದೊಡ್ಡವರ ವಿರುದ್ಧ ಪೆನ್ನು ಎತ್ತುವುದಿಲ್ಲ. ಆದರೆ ಕಕ್ಷಿದಾರಳನ್ನು ಪೀಠದಲ್ಲಿ ಕೂತು ಹೀಯಾಳಿಸುವುದು, ಆ ಮಾತು ದಾಖಲೆಗೆ ಬರದಂತೆ ತಡೆಯುವುದು ತೀರ್ಪಲ್ಲ, ನಡತೆ. ನಡತೆಯ ಮೇಲೆ ದೂರು ಕೊಡಬಹುದು.

ಕೊಡುವುದಾದರೆ ಕೇಳಿದ್ದನ್ನು ಮಾತ್ರ ಬರೆ. "ಕ್ರೂರ", "ಅಮಾನುಷ" ಎಂದೆಲ್ಲ ವಿಶೇಷಣ ಹಚ್ಚಬೇಡ. ನಿನಗೆ ಅದು ಚಿಕ್ಕಂದಿನ ಚಾಳಿ. ತೆರೆದ ನ್ಯಾಯಾಲಯದಲ್ಲಿ ಆಡಿದ ಮಾತನ್ನು ದುಭಾಷಿ ಹೇಳಿದರೆ ಗುಟ್ಟು ಮುರಿದ ಹಾಗಲ್ಲ, ಅದಕ್ಕೆ ಹೆದರಬೇಡ. ಆದರೆ ದಾಖಲೆ ಖಾಲಿ ಎಂಬುದನ್ನು ಮರೆಯಬೇಡ. ಸ್ಟೆನೊ, ಗುಮಾಸ್ತ, ಯಾರೂ ಬಾಯಿ ಬಿಡಲಾರರು. ನಿನ್ನ ಹೆಸರನ್ನು ದುಭಾಷಿಗಳ ಪಟ್ಟಿಯಿಂದ ತೆಗೆಯುವ ಸಂಭವ ಹೆಚ್ಚು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು. ಒಂದು ವಾರ ಯೋಚಿಸು.

ಅಮ್ಮ ಚೆನ್ನಾಗಿದ್ದಾಳೆ. ಪಕ್ಕದ ಮನೆಯ ಬೆಕ್ಕಿಗೂ ಅವಳಿಗೂ ಹಾಲಿನ ವಿಷಯದಲ್ಲಿ ಯುದ್ಧ ನಡೆದಿದೆ. ಬೆಕ್ಕು ಗೆಲ್ಲುತ್ತಿದೆ.

ಅಕ್ಕ


ಮಾರ್ಚ್ ೨೫

ಅಕ್ಕಾ,

ಕಾಗದ ಕೇಳಿದರೆ ತೀರ್ಪಿನ ಪ್ರತಿ ಕಳಿಸಿದ್ದೀಯ. "ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಂದು ಸಾಲಾದರೂ "ಅಯ್ಯೋ ಪಾಪ" ಎಂದು ಬರೆಯಬಾರದಿತ್ತೇ?

ಇರಲಿ. ನಿನ್ನ ಒಂದು ವಾರ ನನಗೆ ಒಂದು ರಾತ್ರಿಯಲ್ಲೇ ಮುಗಿಯಿತು. ದೂರು ಕೊಟ್ಟಿದ್ದೇನೆ. ವಿಶೇಷಣ ಒಂದೂ ಇಲ್ಲ, ಖುಷಿಯಾಯಿತೇ? ನೀನು ಹೇಳಿದ ಹಾಗೆಯೇ ಸ್ಟೆನೊ ನನ್ನನ್ನು ಕಂಡರೆ ಮೆಟ್ಟಿಲು ಬದಲಿಸುತ್ತಾನೆ. ಬೆಂಚ್ ಗುಮಾಸ್ತ, "ನಂಗೆ ಆವತ್ತು ನೆಗಡಿ ಮೇಡಂ, ಕಿವಿ ಕಟ್ಟಿತ್ತು" ಎಂದ. ಕಿವುಡರಿಗೆ ಕೇಳಿಸಿದ್ದು ಕಿವಿ ಇದ್ದವನಿಗೆ ಕೇಳಿಸಿಲ್ಲ! ಪಟ್ಟಿಯಿಂದ ನನ್ನ ಹೆಸರೂ ಹೋಯಿತು. "ತಾತ್ಕಾಲಿಕವಾಗಿ" ಅಂತೆ. ಈಗ ಬೆಳಿಗ್ಗೆ ಹೊತ್ತು ಬೇಕರಿಯ ಗಲ್ಲಾದಲ್ಲಿ ಕೂರುತ್ತೇನೆ, ಆ ಹೆಂಗಸೇ ಕೊಡಿಸಿದ ಕೆಲಸ.

ಆದರೆ ನನಗೆ ನಿದ್ದೆ ಕೆಡಿಸಿರುವುದು ಇದಲ್ಲ. ಹೋದ ಭಾನುವಾರ ದರ್ಜಿಯ ಜೊತೆ ಭೇಟಿ ಕೋಣೆಗೆ ಹೋಗಿದ್ದೆ. ಗೋಡೆಗೆ ಬಲೂನಿನ ಚಿತ್ರ, ಬಾಗಿಲಲ್ಲಿ ಕಾವಲಿನವಳು. ಮಗು ಬಂತು. ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಬಂತು. ತಾಯಿ ಮಂಡಿಯೂರಿ ಏನೇನೋ ಕೇಳುತ್ತಾಳೆ, ಊಟ ಆಯಿತಾ, ಹಲ್ಲು ನೋವು ಹೋಯಿತಾ, ನನ್ನ ನೆನಪಾಗುತ್ತಾ. ಮಗು ಬಾಯಲ್ಲಿ "ಹೂಂ" ಎನ್ನುತ್ತದೆ, ಕೈ ಹೊರಗೆ ಬರುವುದಿಲ್ಲ. ಕೊನೆಗೆ ನನ್ನ ಕಿವಿಯಲ್ಲಿ ಹೇಳಿತು: "ಕೈ ಆಡ್ಸಿದ್ರೆ ನಾನೂ ಮೂಗಿ ಆಗ್ತೀನಂತೆ. ಅಪ್ಪನ ಮನೆ ಅಜ್ಜಿ ಹೇಳಿದ್ರು."

ಅಕ್ಕಾ, ಮೊಕದ್ದಮೆ ಎರಡು ವರ್ಷ ಎಳೆದರೆ ಗೆದ್ದರೂ ಸೋತ ಹಾಗೇ. ಅಷ್ಟರಲ್ಲಿ ಆ ಮಗು ತಾಯಿಯ ಜೊತೆ ಮಾತಾಡುವುದನ್ನೇ ಮರೆತಿರುತ್ತದೆ. ತಾಯಿ ಮಗಳು ಎದುರು ಬದುರು ಕೂತು ದುಭಾಷಿಯನ್ನು ಕರೆಸಬೇಕಾಗುತ್ತದೆ. ಈ ಸಲ ಕಾನೂನು ಬೇಡ, ಮನಸ್ಸಿನಲ್ಲಿ ಇರುವುದನ್ನು ಬರೆ.

ತಂಗಿ


ಏಪ್ರಿಲ್ ೭

ತಂಗಿ,

ಇನ್ನು ಮುಂದೆ ಈ ವಿಷಯವಾಗಿ ನನಗೆ ಏನನ್ನೂ ಬರೆಯಬೇಡ. ಬರೆದರೂ ನಾನು ಉತ್ತರಿಸುವುದಿಲ್ಲ. ಕಾರಣ ಕೇಳಬೇಡ. ಅಮ್ಮ ಆರೋಗ್ಯವಾಗಿದ್ದಾಳೆ.

ಅಕ್ಕ


ಏಪ್ರಿಲ್ ೧೪

ಮಾನ್ಯ ನ್ಯಾಯಾಧೀಶರಿಗೆ,

ಕಾರಣ ಕೇಳುವುದಿಲ್ಲ. ಕಾರಣ ನನಗೆ ಗೊತ್ತು. ಮೇಲಿನ ಪೀಠದಲ್ಲಿ ಜಾಗ ಖಾಲಿಯಾಗುತ್ತಿದೆ, ನಿನ್ನ ಹೆಸರು ಓಡಾಡುತ್ತಿದೆ ಎಂದು ಇಲ್ಲಿನ ವಕೀಲರ ಕ್ಯಾಂಟೀನಿನಲ್ಲೇ ಮಾತು. ಇಂಥ ಹೊತ್ತಿನಲ್ಲಿ ಜಡ್ಜನ ಮೇಲೆ ದೂರು ಕೊಟ್ಟ ತಂಗಿ ಇದ್ದಾಳೆ ಎಂದರೆ ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಅಮ್ಮ ನಮ್ಮ ಜೊತೆ ಕೈಯಲ್ಲಿ ಮಾತಾಡಿದರೆ ಕಿಟಕಿ ಕಡೆ ತಿರುಗಿ ಕೂರುತ್ತಿದ್ದವಳು ನೀನು. ಈಗಲೂ ತಿರುಗಿ ಕೂತಿದ್ದೀಯ, ಬಸ್ಸು ದೊಡ್ಡದಾಗಿದೆ ಅಷ್ಟೇ.

ಹೊಸ ಕುರ್ಚಿ ಮೆತ್ತಗಿರಲಿ.


ಮೇ ೩೦

ಅಕ್ಕಾ,

ನೀನು ಬರೆಯದಿದ್ದರೂ ನಾನು ಬರೆಯಲೇಬೇಕು, ಯಾಕೆಂದರೆ ಅಮ್ಮ ಇಲ್ಲಿದ್ದಾಳೆ. ಸುರಕ್ಷಿತವಾಗಿದ್ದಾಳೆ, ಗಾಬರಿಯಾಗಬೇಡ. ಮಂಗಳವಾರ ಬಾಗಿಲ ಕರೆಗಂಟೆಯನ್ನು ಯಾರೋ ಬಿಡದೆ ಒತ್ತುತ್ತಿದ್ದರು. ಅಷ್ಟು ಹೊತ್ತು ಒತ್ತುವವರು ಲೋಕದಲ್ಲಿ ಒಬ್ಬರೇ. ತೆಗೆದರೆ ಒಂದು ಪೆಟ್ಟಿಗೆ, ಒಂದು ಕೊಡೆ, ನಡುವೆ ಅಮ್ಮ.

"ನಿನ್ನ ಕಾಗದ ಎಲ್ಲಾ ಓದಿದೀನಿ. ನಂಗೆ ತೋರಿಸ್ಬೇಡ ಅಂತ ಬರೀತೀಯಾ? ಕಿವಿ ಇಲ್ಲ ಅಂದ್ರೆ ಕಣ್ಣೂ ಇಲ್ವಾ?" ಎಂದು ಹೊಸ್ತಿಲಲ್ಲೇ ನಿಂತು ಎರಡೂ ಕೈಯಲ್ಲಿ ಬೈದಳು. ನಿನ್ನ ಬಗ್ಗೆ ಕೇಳಿದೆ. ಹುಬ್ಬು ಗಂಟಿಕ್ಕಿ ನಿನ್ನ ಹೆಸರು ಹೇಳಿ, "ಕೆಲಸ ಇದೆ ಅವಳಿಗೆ" ಎಂದಳು. ಅದಕ್ಕಿಂತ ಹೆಚ್ಚು ಒಂದು ಬೆರಳೂ ಆಡಿಸಲಿಲ್ಲ. ನಿನ್ನನ್ನು ಕಾಪಾಡುವುದರಲ್ಲಿ ಅವಳು ಗಟ್ಟಿಗಿತ್ತಿ.

ಭಾನುವಾರ ಭೇಟಿ ಕೋಣೆಗೆ ಬಂದಳು. ಮಗುವಿನ ಕೈ ಜೇಬಿನಲ್ಲೇ ಇತ್ತು. ಅಮ್ಮ ಏನನ್ನೂ ಕೇಳಲಿಲ್ಲ. ಪ್ರಾಣಿಗಳ ಚಿತ್ರದ ಪುಸ್ತಕ ಬಿಚ್ಚಿ ಪಕ್ಕದಲ್ಲಿ ಕೂತಳು. ನಾಯಿಯ ಚಿತ್ರ ತೋರಿಸಿ ಸನ್ನೆಯಲ್ಲಿ "ಹಸು" ಎಂದಳು. ಮಗು ಓರೆಗಣ್ಣಲ್ಲಿ ನೋಡಿತು. ಆನೆಯನ್ನು ತೋರಿಸಿ "ಕೋಳಿ" ಎಂದಳು. ಮಗು ತುಟಿ ಕಚ್ಚಿತು. ಮೀನನ್ನು ತೋರಿಸಿ ಗಂಭೀರವಾಗಿ "ಕುದುರೆ" ಎಂದಾಗ ಅದಕ್ಕೆ ತಡೆಯಲಾಗಲಿಲ್ಲ. ಎರಡೂ ಕೈ ಜೇಬಿನಿಂದ ಹಾರಿ ಬಂದವು: "ಅಲ್ಲ! ಮೀನು! ಮೀನು! ಅದೂ ಗೊತ್ತಿಲ್ವಾ?" ದರ್ಜಿ ಗೋಡೆಗೆ ಮುಖ ಮಾಡಿ ಅತ್ತಳು. ಅಮ್ಮ ಮಾತ್ರ ಪುಟ ತಿರುಗಿಸಿ ಮುಂದಿನ ತಪ್ಪಿಗೆ ಹೋದಳು.

ವಿಚಾರಣಾ ಸಮಿತಿ ಕೂಡಿದೆ. ಮೂವರು ಹಿರಿಯ ನ್ಯಾಯಾಧೀಶರು, ಅವರಲ್ಲಿ ಒಬ್ಬ ಹೆಂಗಸು ಅಧ್ಯಕ್ಷೆ. ಜೂನ್ ಮೂರನೇ ವಾರ ಸಾಕ್ಷಿ. ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆ ಎಂದು ಬೇರೆ ಯಾರಿಗೂ ಹೇಳಿಲ್ಲ.

ತಂಗಿ


ಜೂನ್ ೨೧

ಅಕ್ಕಾ, ಅಕ್ಕಾ, ಅಕ್ಕಾ!

ನಿನ್ನ ಮೇಲೆ ಕೋಪ ಹಾಗೇ ಇದೆ, ಆದರೆ ಇದನ್ನು ಹೇಳದೆ ಇದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ.

ಉದ್ದನೆಯ ಕೋಣೆ. ಮೇಜಿನ ಹಿಂದೆ ಮೂವರು. ಅಧ್ಯಕ್ಷೆ ಸಣ್ಣ ದನಿಯ, ಬೆಳ್ಳಿ ಕೂದಲಿನ ಹೆಂಗಸು. ಒಂದು ಬದಿಗೆ ಕನ್ನಡಕದವರು ಮತ್ತು ಅವರ ವಕೀಲ, ನಡುವೆ ಸಮಿತಿಯ ಸ್ಟೆನೊ. ನಾನೇ ದೂರುದಾರಳಾದ್ದರಿಂದ ದುಭಾಷಿಯಾಗುವಂತಿಲ್ಲ. ಬೇರೆ ಊರಿನಿಂದ ಒಬ್ಬನನ್ನು ಕರೆಸಿದ್ದರು. ಸೊಟ್ಟ ಟೈ ಕಟ್ಟಿದ ಮಿತಭಾಷಿ. ಅವನು ಕನ್ನಡಕದವರ ಮೇಜಿನ ಪಕ್ಕದಲ್ಲೇ, ಹಿಂದಿನ ಬೆಂಚಿಗೆ ಎದುರಾಗಿ ನಿಂತ. ಬೆಂಚಿನಲ್ಲಿ ಕಿವಿ ಕೇಳದವರ ದಂಡು, ನಡುವೆ ಕೊಡೆ ಹಿಡಿದು ಅಮ್ಮ.

ನನ್ನನ್ನು ಆ ವಕೀಲ ಹಿಂಡಿ ಹಿಪ್ಪೆ ಮಾಡಿದ. "ಕುರುಡ, ಕನ್ನಡಿ ಅಂತೆಲ್ಲ ಸೇರಿಸಿದ್ದು ನೀವೇ ಅಲ್ವಾ? ನಿಮ್ಮ ತಾಯಿ ಕಿವುಡಿ, ಅದಕ್ಕೇ ನಿಮಗೆ ಹೊಟ್ಟೆ ಉರಿ ಅಲ್ವಾ?" ಹೊಟ್ಟೆ ಉರಿದದ್ದು ನಿಜ, ಸೇರಿಸಿದ್ದು ಸುಳ್ಳು ಎಂದೆ. ಆಮೇಲೆ ಹಿಂದಿನ ಬೆಂಚಿನ ಮೂವರನ್ನು ಒಬ್ಬೊಬ್ಬರನ್ನಾಗಿ ಕರೆದರು, ಉಳಿದವರನ್ನು ಹೊರಗೆ ಕೂರಿಸಿ. ಮೂವರೂ ಕನ್ನಡಿ ಎಂದರು. ಮೂವರೂ ಬೀಳುವ ಮಗು ಎಂದರು. ಮುದ್ರಣಾಲಯದ ಮುದುಕನಿಗೆ ವಕೀಲ ಕೇಳಿದ, "ಕೇಳಿಸದೇ ಇರೋರು ಕೇಳಿದ್ದಕ್ಕೆ ಸಾಕ್ಷಿ ಹೇಳೋದು ಹೇಗ್ರೀ?"

ಮುದುಕ ಸಾವಕಾಶವಾಗಿ ಕೈ ಎತ್ತಿದ. "ನೀವು ಜಡ್ಜ್ ಮಾತಾಡೋವಾಗ ಫೋನ್ ನೋಡ್ಕೊಂಡು ಇರಬಹುದು, ಕಿವಿ ತನ್ನ ಪಾಡಿಗೆ ಕೆಲಸ ಮಾಡ್ತಾ ಇರತ್ತೆ. ನಾವು ಕಣ್ಣು ತೆಗೆದ್ರೆ ಮಾತೇ ಹೋಯ್ತು. ಹಾಗಾಗಿ ತೆಗೆಯೋಲ್ಲ."

ಅಧ್ಯಕ್ಷೆಯ ತುಟಿ ಅಲುಗಿತು. ಆದರೂ ವಕೀಲ ಬಿಡಲಿಲ್ಲ. ಇವರೆಲ್ಲ ಒಂದೇ ಗುಂಪು, ಹೇಳಿಕೊಟ್ಟ ಪಾಠ ಎಂದ. ಆಮೇಲೆ ಕನ್ನಡಕದವರೇ ಸ್ಟೆನೊಗೂ ಸೊಟ್ಟ ಟೈಯವನಿಗೂ ನಡುವಿನ ಸಾಕ್ಷಿಯ ಕುರ್ಚಿಗೆ ಬಂದು, ತಾವು ಮಗುವಿನ ಹಿತದ ಮಾತು ಬಿಟ್ಟು ಬೇರೆ ಆಡಿಲ್ಲ ಎಂದರು. ಎಷ್ಟು ನಯವಾಗಿ ಹೇಳಿದರೆಂದರೆ, ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಯಾವುದೋ ನಿಯಮದ ವಿಷಯಕ್ಕೆ ಮೂವರು ಸದಸ್ಯರೂ ತಲೆಗೆ ತಲೆ ಕೊಟ್ಟು ಪಿಸುಗುಟ್ಟತೊಡಗಿದರು. ಕೋಣೆಯಲ್ಲಿ ಬಿಡುವು.

ಆಗ ಕನ್ನಡಕದವರು ಕನ್ನಡಕ ತೆಗೆದು ಒರೆಸುತ್ತ, ಪಕ್ಕದ ಸ್ಟೆನೊಗೆ ಹೇಳಿದರು: "ಇದು ಬರ್ಕೋಬೇಡಿ."

ಅಭ್ಯಾಸ, ಅಕ್ಕಾ! ಎಷ್ಟೋ ವರ್ಷದ ಅಭ್ಯಾಸ! ಅದು ಅವರ ನ್ಯಾಯಾಲಯವಲ್ಲ, ಅವಳು ಅವರ ಸ್ಟೆನೊ ಅಲ್ಲ. ಆದರೆ ಅವಳಿಗೂ ಅದೇ ಅಭ್ಯಾಸ. ಬೆರಳು ತಂತಾನೇ ಮೇಲೆದ್ದವು. ಅವರು ಹಲ್ಲುಕಚ್ಚಿ ಮುಂದುವರಿಸಿದರು: "ಕನ್ನಡಿ ಅಂದೆ. ಅಂದ್ರೇನೀಗ? ಇರೋದನ್ನ ತಾನೆ ಅಂದಿದ್ದು. ಈ ಮೂಗರ ಸಂತೇನ ಇನ್ನೂ ಎಷ್ಟು ಹೊತ್ತು ಸಹಿಸ್ಕೋಬೇಕೋ."

ಸ್ಟೆನೊ ಬರೆಯಲಿಲ್ಲ. ಆದರೆ ಸೊಟ್ಟ ಟೈಯವನು ಪಕ್ಕದಲ್ಲೇ ನಿಂತಿದ್ದನಲ್ಲ. ಅವನೂ ನನ್ನ ಹಾಗೇ ಪ್ರಮಾಣ ಮಾಡಿದವನು. ಮುಖದ ಒಂದು ಗೆರೆ ಅಲುಗದಂತೆ, "ಇದು ಬರ್ಕೋಬೇಡಿ" ಎಂಬಲ್ಲಿಂದ ಹಿಡಿದು "ಸಂತೆ" ತನಕ ಅಷ್ಟನ್ನೂ ಕೈಯಲ್ಲಿ ಹೇಳಿದ. ಬೆಂಚಿಗೆ ಬೆಂಚೇ ಎದ್ದು ನಿಂತಿತು. ಬೇಕರಿಯ ಹೆಂಗಸಿನ ಚೀಲ ಕೆಳಗೆ ಬಿತ್ತು. ಅಧ್ಯಕ್ಷೆ ತಲೆ ಎತ್ತಿದರು.

"ಏನಾಯ್ತು? ಯಾಕೆ ಎಲ್ಲಾ ಎದ್ರಿ?"

"ಕೇಳಿಸಿಕೊಂಡಿದ್ದನ್ನ ಕೈಯಲ್ಲಿ ಹೇಳಿದೆ ಮೇಡಂ, ಅಷ್ಟೇ" ಎಂದ ಟೈಯವನು.

"ಅದನ್ನೇ ಬಾಯಲ್ಲಿ ಹೇಳಿ."

ಹೇಳಿದ, ಒಂದಕ್ಷರ ಬಿಡದೆ. ಕನ್ನಡಕದವರ ವಕೀಲ ಮೇಜಿನ ಮೇಲೆ ಮೊಣಕೈ ಊರಿ ಹಣೆ ಹಿಡಿದುಕೊಂಡ. ಅಧ್ಯಕ್ಷೆ ಸ್ಟೆನೊ ಕಡೆ ತಿರುಗಿದರು. "ಹೌದೇನಮ್ಮಾ?" ಆ ಹುಡುಗಿ ಅಳುವ ಹಾಗಾಗಿದ್ದಳು. "ಹೌದು ಮೇಡಂ. ಬರ್ಕೋಬೇಡಿ ಅಂದ್ರು. ಕೈ ತನ್ನಷ್ಟಕ್ಕೆ ಮೇಲೆ ಹೋಗ್ಬಿಡ್ತು."

"ಪರವಾಗಿಲ್ಲ" ಎಂದರು ಅಧ್ಯಕ್ಷೆ, ಅದೇ ಸಣ್ಣ ದನಿಯಲ್ಲಿ. "ಈಗ ಬರ್ಕೊಳ್ಳಿ."

ಬರೆದುಕೊಂಡಳು. ಆ ಕೋಣೆಯಲ್ಲಿ ಕೀಲಿಮಣೆಯ ಟಕಟಕ ಬಿಟ್ಟು ಬೇರೆ ಸದ್ದಿರಲಿಲ್ಲ. ಅಮ್ಮ ನನ್ನನ್ನು ತಿವಿದು, "ಈಗ ಅದು ಸದ್ದು ಮಾಡ್ತಾ ಇದ್ಯಾ?" ಎಂದು ಕೇಳಿದಳು. ಮಾಡ್ತಾ ಇದೆ, ಚೆನ್ನಾಗಿ ಮಾಡ್ತಾ ಇದೆ ಎಂದೆ.

ವರದಿ ಬರುವುದು ಬಾಕಿ. ನೀನು ಇಷ್ಟು ಓದಿಯೂ ಉತ್ತರ ಬರೆಯದಿದ್ದರೆ ನೀನು ಮನುಷ್ಯಳಲ್ಲ, ಕಲ್ಲು.

ತಂಗಿ


ಜುಲೈ ೧೮

ಪ್ರೀತಿಯ ತಂಗಿ,

ಇವತ್ತು ವರದಿ ಹೊರಬಿತ್ತು, ಮೇಲಿನ ನ್ಯಾಯಾಲಯ ಒಪ್ಪಿದ್ದೂ ಆಯಿತು. ಆ ಮನುಷ್ಯನನ್ನು ಹುದ್ದೆಯಿಂದ ತೆಗೆದುಹಾಕಿದ್ದಾರೆ. ಈಗ ನನ್ನ ಬಾಯಿಯ ಬೀಗವೂ ತೆಗೆಯಿತು, ಬರೆಯುತ್ತಿದ್ದೇನೆ.

ಏಪ್ರಿಲ್ ಮೊದಲ ವಾರ ನನಗೊಂದು ಆದೇಶ ಬಂತು. ಒಬ್ಬ ನ್ಯಾಯಾಧೀಶರ ನಡತೆಯ ವಿಚಾರಣೆಗೆ ಮೂವರ ಸಮಿತಿ, ಮೂರನೆಯವಳು ನಾನು. ಕಡತ ಬಿಚ್ಚಿದರೆ ದೂರುದಾರಳ ಜಾಗದಲ್ಲಿ ನಿನ್ನ ಹೆಸರು. ತಂಗಿ, ಒಂದು ಗಳಿಗೆ ನನಗೆ ಆಸೆಯಾಯಿತು. ನಮ್ಮಿಬ್ಬರ ಮನೆತನದ ಹೆಸರು ಈಗ ಬೇರೆ ಬೇರೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನೆ ಕೂತು ಅವನನ್ನು ನನ್ನ ಕೈಯಾರೆ ಇಳಿಸಿಬಿಡಲೇ ಎನಿಸಿತು. ಆದರೆ ತಂಗಿಯ ದೂರನ್ನು ಅಕ್ಕ ವಿಚಾರಿಸಿದಳು ಎಂದು ತಿಳಿದ ದಿನವೇ ಆ ಶಿಕ್ಷೆ ಬಿದ್ದುಹೋಗುತ್ತಿತ್ತು. ಜೊತೆಗೆ ದರ್ಜಿಯ ಮಗುವೂ ಹೋಗುತ್ತಿತ್ತು. ದೂರುದಾರಳು ನನ್ನ ಒಡಹುಟ್ಟಿದವಳು, ನಮ್ಮ ತಾಯಿ ಕಿವುಡಿ, ನಾನು ಕೂರಲಾರೆ ಎಂದು ಬರೆದುಕೊಟ್ಟೆ. ವರದಿ ಬರುವವರೆಗೆ ಯಾವ ಪಕ್ಷದವರೊಡನೆಯೂ ಈ ವಿಷಯ ಆಡಕೂಡದು ಎಂದು ಅವರು ಬರೆಸಿಕೊಂಡರು. ಹಿಂದೆ ಸರಿದೆ ಎಂಬುದನ್ನೂ ಹೇಳುವಂತಿರಲಿಲ್ಲ.

ನಿನ್ನ ಏಪ್ರಿಲ್ ಕಾಗದ ಬಂದ ದಿನ ಚೆನ್ನಾಗಿ ಅತ್ತೆ. ಬಸ್ಸಿನ ಮಾತು ಸುಳ್ಳೆಂದು ಹೇಳಲಾರೆ, ಚಿಕ್ಕವಳಾಗಿದ್ದಾಗ ಹಾಗೆ ಮಾಡುತ್ತಿದ್ದೆ. ಅಮ್ಮ ಬೇರೆ, "ಏನು ಬರ್ದಿದಾಳೆ?" ಎಂದು ಎದುರಿಗೇ ಬಂದು ನಿಂತಳು. ಕಾಗದವನ್ನು ಬಚ್ಚಿಡಲಿಲ್ಲ. ಓದಿ ಮುಗಿಸಿ, "ನಿಂಗೆ ಬಾಯಿ ಬಿಡಬಾರ್ದು ಅಂತ ನಿಯಮ. ನಂಗೇನೂ ಇಲ್ವಲ್ಲ?" ಎಂದಳು. ಇಲ್ಲ ಎಂದೆ. ನ್ಯಾಯವಾಗಿ ನೋಡಿದರೆ ಅವಳು ಯಾವ ಪಕ್ಷದವಳೂ ಅಲ್ಲ, ಮಗಳ ಮನೆಗೆ ಹೋಗುವ ತಾಯಿ. ನನ್ನ ಗುಟ್ಟನ್ನು ಮಾತ್ರ ಹೇಳಬೇಡ ಎಂದೆ. ಟಿಕೆಟ್ ತೆಗೆದು ಕೂರಿಸಿದವಳು ನಾನೇ.

ಕ್ಯಾಂಟೀನಿನವರಿಗೆ ಹೇಳು, ಮೇಲಿನ ಪೀಠದ ಪಟ್ಟಿಯಲ್ಲಿ ಈ ಸಲ ನನ್ನ ಹೆಸರಿಲ್ಲ. ಯಾಕೆ ಎಂದು ನಾನು ಕೇಳಿಲ್ಲ. ಬೇಸರವಾಯಿತೇ ಎಂದರೆ ಆಯಿತು, ಒಂದು ಮಧ್ಯಾಹ್ನ. ನಿನ್ನ ಜೂನ್ ಕಾಗದವನ್ನು ತಿರುಗಿ ಓದಿದೆ, ಹೋಯಿತು. "ಈಗ ಬರ್ಕೊಳ್ಳಿ" ಎಂಬಲ್ಲಿ ಪ್ರತಿ ಸಲವೂ ಜೋರಾಗಿ ನಗುತ್ತೇನೆ. ನಮ್ಮ ಗುಮಾಸ್ತ ಬಾಗಿಲಿನಿಂದ ಇಣುಕಿ ನೋಡಿ ಹೋದ. ನಾನು ನಕ್ಕಿದ್ದನ್ನು ಅವನು ಈ ಮೊದಲು ನೋಡಿರಲಿಲ್ಲವಂತೆ.

ನೀನು ಕಾಗದದಲ್ಲಿ ಕೇಳಿದೆಯಲ್ಲ, ಮನಸ್ಸಿನಲ್ಲಿ ಇರುವುದನ್ನು ಬರೆ ಎಂದು. ನಿನ್ನ ಬಗ್ಗೆ ನನಗೆ ಹೆಮ್ಮೆ. ಇದಕ್ಕೆ ಇನ್ನೊಂದು ಕಡೆ ಇಲ್ಲ.

ನಿನ್ನ ಅಕ್ಕ


ಆಗಸ್ಟ್ ೯

ನನ್ನ ಅಕ್ಕಾ,

ಮೊದಲು ನನ್ನ ಕಿವಿ ಹಿಂಡು. ಬಂದಾಗ ನಿಜವಾಗಿಯೂ ಹಿಂಡು. ನಿನ್ನ ಕಾಗದ ಓದಿ ಅಮ್ಮನ ಮೇಲೆ ಹರಿಹಾಯ್ದೆ, "ಎಲ್ಲಾ ಗೊತ್ತಿದ್ದೂ ಸುಮ್ನಿದ್ಯಾ?" ಎಂದು. "ಮಾತು ಕೊಟ್ಟಿದ್ದೆ" ಎಂದು ಹೆಗಲು ಹಾರಿಸಿದಳು. ನಿಮ್ಮಿಬ್ಬರ ನಡುವೆ ಸಿಕ್ಕಿ ನಾನೊಬ್ಬಳು ಪೆದ್ದಿಯಾದೆ. ಬೈದದ್ದಕ್ಕೆಲ್ಲ ತಪ್ಪಾಯಿತು ಅಕ್ಕಾ.

ಈಗ ಸುದ್ದಿ. ಬಿದ್ದವನ ಮೇಲೆ ಆಳಿಗೊಂದು ಕಲ್ಲು ಎಂಬ ಹಾಗೆ, ನೆಗಡಿಯ ಗುಮಾಸ್ತನಿಗೂ ಹಳೆಯ ಸ್ಟೆನೊಗೂ ಒಮ್ಮೆಲೇ ಕಟ್ಟಿದ ಕಿವಿ ಬಿಟ್ಟುಕೊಂಡು ಎಲ್ಲ ನೆನಪಾಗಿದೆ. ನನ್ನ ಹೆಸರು ಪಟ್ಟಿಗೆ ಮರಳಿದೆ. ದರ್ಜಿಯ ಮೊಕದ್ದಮೆ ಹೊಸ ನ್ಯಾಯಾಧೀಶರ ಮುಂದೆ ಬಂತು. ಸಣ್ಣ ವಯಸ್ಸಿನವರು, ತಾವು ಕೆಮ್ಮಿದ್ದನ್ನೂ ಬರೆಸುವ ಜಾತಿ. ಅವರು ದರ್ಜಿಯ ಕೋಣೆಗೆ ಹೋಗಿ ನೋಡಿ ಬರಲು ಜನ ಕಳಿಸಿದರು. ಮಗು ರಾತ್ರಿ ಎದ್ದರೆ ತಾಯಿಗೆ ತಿಳಿಯಲೆಂದು ಇಬ್ಬರ ಮಣಿಕಟ್ಟಿಗೂ ಒಂದು ಮೆತ್ತನೆಯ ದಾರ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಅಮ್ಮ ನಮಗೂ ಕಟ್ಟುತ್ತಿದ್ದಳಲ್ಲ, ಹಾಗೇ. ಮಗುವನ್ನೂ ಒಳಗೆ ಕರೆದು ಮಾತಾಡಿಸಿದರು.

ನಿನ್ನೆ ಆಜ್ಞೆ. ದುಭಾಷಿ ಬೇರೆಯವರಾಗಲಿ ಎಂದು ನಾನೇ ಹೇಳಿದ್ದೆ, ಆದರೆ ಎರಡೂ ಕಡೆಯ ವಕೀಲರು ಒಪ್ಪಿ ನನ್ನನ್ನೇ ನಿಲ್ಲಿಸಿದರು. ನ್ಯಾಯಾಧೀಶರು ಓದತೊಡಗಿದರು, ನಾನು ಸನ್ನೆಯಲ್ಲಿ ಹೇಳುತ್ತ ಹೋದೆ. ಹಿಂದಿನ ಆಜ್ಞೆ ರದ್ದು. ಸರಿ. ತಂದೆಗೆ ಭಾನುವಾರ ಭೇಟಿ. ಸರಿ. ಅಜ್ಜಿಯ ಮನೆಯಲ್ಲಿ ಸನ್ನೆ ಬೇಡವೆಂದು ಮಗುವಿನ ಕೈ ಕಟ್ಟುವಂತಿಲ್ಲ. ಸರಿ. ಆಮೇಲಿನ ಸಾಲು ಕಿವಿಗೆ ಬಿತ್ತು ನೋಡು, ನನ್ನ ಕೈ ನಿಂತುಹೋಯಿತು. ಎದೆ ಉಕ್ಕಿ ಕಣ್ಣು ಕಾಣದಷ್ಟು ನೀರು. ಇಷ್ಟು ವರ್ಷದ ಕೆಲಸದಲ್ಲಿ ಎಂದೂ ಹೀಗಾಗಿರಲಿಲ್ಲ.

ದರ್ಜಿಗೆ ಕಾಣಿಸಿದ್ದು ಅಳುತ್ತಿರುವ ನಾನು ಮಾತ್ರ. ಸೋತೆವೆಂದೇ ತಿಳಿದಳು. ಅವಳ ಮುಖ ನನ್ನ ಕಣ್ಣೆದುರೇ ಬತ್ತಿಹೋಯಿತು. ಕುರ್ಚಿಯ ಬೆನ್ನು ಹಿಡಿದು ಏಳಲು ಹೋದಳು. ನ್ಯಾಯಾಧೀಶರು ಓದುವುದನ್ನು ನಿಲ್ಲಿಸಿ, "ದುಭಾಷಿಯವರೇ, ನಿಧಾನ. ನಾವು ಕಾಯ್ತೀವಿ" ಎಂದರು. ನಾನು ಕಣ್ಣು ಒರೆಸಿಕೊಂಡು ದೊಡ್ಡ ದೊಡ್ಡ ಸನ್ನೆಯಲ್ಲಿ, ಕೂಗಿ ಹೇಳುವ ಹಾಗೆ ಹೇಳಿದೆ: ಮಗು. ನಿನ್ನದು. ಇವತ್ತೇ. ಮನೆಗೆ.

ಅವಳು ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಇನ್ನೊಮ್ಮೆ ಎಂದಳು. ಹಿಂದಿನ ಬೆಂಚಿನವರೆಲ್ಲ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿದರು, ಅದೇ ಅವರ ಚಪ್ಪಾಳೆ. ಕೋಣೆಯ ತುಂಬ ಕೈಗಳು. "ಸದ್ದು!" ಎಂದು ಗದರಲು ಬಾಯಿ ತೆರೆದ ಜವಾನ, ಸದ್ದೇ ಇಲ್ಲದ್ದು ಕಂಡು ಪೆಚ್ಚಾಗಿ ಬಾಯಿ ಮುಚ್ಚಿದ. ಅಮ್ಮ ಕೊಡೆಯ ಸಮೇತ ಕೈ ಎತ್ತಿ ಮುದ್ರಣಾಲಯದ ಮುದುಕನ ಟೋಪಿ ಬೀಳಿಸಿದಳು.

ಮಗು ಪಕ್ಕದ ಕೋಣೆಯಿಂದ ಓಡಿ ಬಂತು. ಅಪ್ಪಿಕೊಳ್ಳುವುದು, ಅಳುವುದು ಎಲ್ಲ ಆಯಿತು, ಅದನ್ನು ನೀನೇ ಊಹಿಸಿಕೋ. ಆಮೇಲೆ ಮನೆಗೆ ಹೊರಟೆವು. ಮೆಟ್ಟಿಲಿಳಿಯುವಾಗ ಕೈ ಹಿಡಿದುಕೋ ಎಂದು ದರ್ಜಿ ಕೈ ಚಾಚಿದಳು. ಮಗುವಿಗೆ ಪುರುಸೊತ್ತಿಲ್ಲ. ಬಿದ್ದ ಹಲ್ಲು, ಶಾಲೆಯ ಜಗಳ, ಅಜ್ಜಿಯ ಗೊರಕೆ, ಇಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ಎರಡೂ ಕೈಯಲ್ಲಿ ಒಂದೇ ಸಮನೆ ಹೇಳುತ್ತಿತ್ತು. ಒಂದು ಮಾತೂ ತಪ್ಪಬಾರದೆಂದು ತಾಯಿ ಮಗಳ ಕಡೆ ಮುಖ ಮಾಡಿ, ಹಿಂದು ಹಿಂದಾಗಿ ಮೆಟ್ಟಿಲಿಳಿದಳು. ಬೀಳದಂತೆ ಅವಳ ಬೆನ್ನಿಗೆ ಕೈ ಕೊಟ್ಟುಕೊಂಡು ನಾನು ಕೆಳಗಿನವರೆಗೂ ಇಳಿದೆ.

ನಿನ್ನ ತಂಗಿ